ಮೂರನೆಯ ಮೇಡೇ

ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೂರುವವಳನ್ನು ಅವಳ ಅಣ್ಣ ‘ದೊರೆಸಾನಿ’ ಎಂದೇ ಕರೆಯುತ್ತಿದ್ದ. ತರಬೇತಿ ಮುಗಿಸಿ ಬಂದ ಹೊಸದರಲ್ಲಿ, ಊಟಕ್ಕೆ ಕೂತಾಗ, ತಾನು ಕಲಿತ ಮೂರು ಫ್ರೆಂಚ್ ಮಾತುಗಳನ್ನು ಮನೆಯವರ ಮುಂದೆ ಹೇಳಿದ್ದೇ ಅವಳಿಗೆ ಮುಳುವಾಯಿತು. ಅಂದಿನಿಂದ ಅಣ್ಣ ಸಮುದ್ರದ ಮೇಲಿದ್ದಾಗಲೂ ಬಿಡುತ್ತಿರಲಿಲ್ಲ. ಬೋಟಿನ ವೈರ್‌ಲೆಸ್ ಸೆಟ್ಟು ಗೊರಗೊರ ಎಂದಿತೆಂದರೆ, “ದೊರೆಸಾನಿ, ಇವತ್ತು ಯಾವ ಫ್ರೆಂಚು?”

ಅವು ಎಲ್ಲ ದೇಶದ ನಾವಿಕರೂ ಇಂಗ್ಲಿಷಿನ ಜೊತೆಗೇ ಕಲಿಯುವ ಮಾತುಗಳು. ಗಾಳಿ, ಮಂಜು ಬರುತ್ತದೆಂದು ಎಚ್ಚರಿಸುವುದಕ್ಕೆ ಸೆಕ್ಯೂರಿತೆ. ತೊಂದರೆಯಿದೆ, ಆದರೆ ಜೀವಕ್ಕೇನೂ ಭಯವಿಲ್ಲ ಎನ್ನುವುದಕ್ಕೆ ಪಾನ್-ಪಾನ್. ಜೀವವೇ ಹೋಗುವ ಹಾಗಿದ್ದರೆ ಮೇಡೇ. ‘ನನಗೆ ನೆರವಾಗಿ’ ಎನ್ನುವ ಫ್ರೆಂಚ್ ಮಾತಿನಿಂದ ಬಂದದ್ದಂತೆ. “ರೆಸ್ಟೋರೆಂಟು, ಗ್ಯಾರೇಜು, ಎಟ್‌ಸೆಟ್ರಾ ಅಂತ ಇಂಗ್ಲಿಷಿನವರು ಕಂಡ ಕಂಡವರ ಮಾತು ತಂದಿಟ್ಟುಕೊಂಡರು. ಪ್ರಾಣಭಯಕ್ಕೂ ಪಕ್ಕದ ಮನೆಯದ್ದೇ ಬೇಕಾಯಿತು ನೋಡಿ,” ಎಂದು ಕಲಿಸುವವರು ನಗಿಸಿದ್ದರು.

ಬಂದರಿನಲ್ಲಿ ಆ ಕೊನೆಯ ಮಾತಿಗೆ ಯಾರೂ ನಗುತ್ತಿರಲಿಲ್ಲ. ಅದನ್ನು ಯಾರೂ ಬಾಯಲ್ಲಿ ಆಡುತ್ತಲೇ ಇರಲಿಲ್ಲ. ‘ಆ ಮಾತು’ ಎನ್ನುತ್ತಿದ್ದರು, ಅಷ್ಟೆ. ಆಟದಲ್ಲಿ ಕೂಗಿದ ಮಕ್ಕಳ ಬೆನ್ನಿಗೆ ಏಟು ಬೀಳುತ್ತಿತ್ತು. ಅವಳ ಅಪ್ಪನಂತೂ, ಬೋಟು ಬಿಟ್ಟು ಬಲೆ ಹೊಲಿಯಲು ಕೂತ ಮೇಲೂ, ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದರು: “ನನ್ನ ಜನ್ಮದಲ್ಲಿ ಆ ಮಾತು ನನ್ನ ಬಾಯಿಗೆ ಬಂದಿಲ್ಲ.”

ಅಪ್ಪ ಕೂರುತ್ತಿದ್ದದ್ದು ವೈರ್‌ಲೆಸ್ ಕೋಣೆಯ ಕೆಳಗಿನ ಬಲೆಮನೆಯಲ್ಲಿ. ಸಮುದ್ರಕ್ಕೆ ಹೋದವರ ಸುದ್ದಿ ಅವರ ಮನೆಯವರಿಗೆ ತಿಳಿಯಲೆಂದು ಅಲ್ಲೊಂದು ಸ್ಪೀಕರ್ ಹಾಕಿದ್ದರು. ಮೇಲೆ ಆಡಿದ್ದೂ ಸಮುದ್ರದಿಂದ ಬಂದದ್ದೂ ಕೆಳಗೆ ಎಲ್ಲರ ಕಿವಿಗೆ ಬೀಳುತ್ತಿತ್ತು.

ಆ ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಬೋಟುಗಳು ಒಂದೊಂದಾಗಿ ಒಳಗೆ ಬಂದವು. ಅಣ್ಣನದು ಬರಲಿಲ್ಲ.

“ಎಲ್ಲಿದ್ದೀಯಾ ಅಣ್ಣ?”

“ಬರ್ತಿದ್ದೀನಿ. ನಿನಗೇನು ಅವಸರ?”

ಅಣ್ಣನ ಮಾತಿನ ಹಿಂದೆ ಯಾವಾಗಲೂ ಇರುವ ಇಂಜಿನ್ನಿನ ಸದ್ದು ಇರಲಿಲ್ಲ. ಅದರ ಬದಲು ಜೊತೆಯವರು ಬಕೆಟ್ಟಿನಿಂದ ನೀರು ಗೋರಿ ಚೆಲ್ಲುವ ಸದ್ದು. ಮತ್ತೆ, ಮತ್ತೆ.

“ಇಂಜಿನ್ ಯಾಕೆ ಸುಮ್ಮನಿದೆ?”

“ಅದಕ್ಕೂ ಸುಸ್ತಾಗಲ್ವಾ?”

“ನೀರು ಬಂದಿದೆಯಾ?”

“ಪಾದ ತೊಳ್ಕೊಳ್ಳೋವಷ್ಟು.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. “ಮೊಣಕಾಲು ತೊಳ್ಕೊಳ್ಳೋವಷ್ಟು,” ಎಂದ. ದನಿಯಲ್ಲಿ ನಗುವಿತ್ತು. ಆದರೆ ಉಸಿರು ಕಿತ್ತುಕೊಂಡು ಬರುತ್ತಿತ್ತು.

“ಜಾಗ ಹೇಳು. ನಿನ್ನ ಕಾಲು ಹಿಡೀತೀನಿ.”

“ಹೇಳಿದ್ರೆ ಬಂದರನ್ನೇ ಎಬ್ಬಿಸಿ ಕಳಿಸ್ತೀಯ. ಕೆಳಗೆ ಅಪ್ಪ ಕೂತಿಲ್ವಾ? ನಾಳೆಯಿಂದ ನಾನು ಮುಖ ಎಲ್ಲಿಟ್ಕೊಳ್ಳಲಿ?”

ಸೆಟ್ಟು ಕಟ್ಟಾಯಿತು.

ಬೋಟಿನವರು ಕೂಗದಿದ್ದರೆ ಅವರ ಪರವಾಗಿ ಬಂದರಿನವರು ಕೂಗಬಹುದು. ಅದು ನಿಯಮದಲ್ಲೇ ಇತ್ತು. ಆದರೆ ಈ ಕೋಣೆಯಿಂದ ಇದುವರೆಗೆ ಯಾರೂ ಕೂಗಿರಲಿಲ್ಲ. ಒಂದು ವೇಳೆ ಬೋಟಿಗೆ ನುಗ್ಗುವ ನೀರು ನಿಂತುಬಿಟ್ಟರೆ? ಬೇರೆ ಬೋಟುಗಳು ಅಲೆಯ ಬಾಯಿಗೆ ಸುಮ್ಮನೆ ಹೋಗಿ ಬಂದಂತಾದರೆ? ಅಣ್ಣ ಮತ್ತೆಂದೂ ಅವಳ ಮುಖ ನೋಡಲಾರ. ನಿಲ್ಲದಿದ್ದರೆ? ಆ ಪ್ರಶ್ನೆಯನ್ನು ಅವಳು ಪೂರ್ತಿ ಯೋಚಿಸಲಿಲ್ಲ. ಕಿಟಕಿಯಾಚೆ ನೀರೂ ಆಕಾಶವೂ ಒಂದೇ ಬಣ್ಣವಾಗಿದ್ದವು. ಗುಂಡಿ ಒತ್ತಿದಳು.

“ಮೇಡೇ.”

ಕೆಳಗೆ ಸುತ್ತಿಗೆಯ ಸದ್ದು, ಹೆಂಗಸರ ಮಾತು, ಎಲ್ಲ ನಿಂತುಹೋಯಿತು.

“ಮೇಡೇ.”

ಮೂರು ಸಲ ಹೇಳಬೇಕು. ಎರಡಕ್ಕೇ ನಿಲ್ಲಿಸಿದಳು. ಮರದ ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ ಕೇಳುತ್ತಿತ್ತು.

ಅವರು ಬಾಗಿಲಲ್ಲಿ ನಿಂತರು. ಬಲೆ ಹೊಲಿಯುವ ಸೂಜಿ ಕೈಯಲ್ಲೇ ಇತ್ತು. ಬಂದವರೇ ಮೈಕು ಕಿತ್ತುಕೊಳ್ಳುತ್ತಾರೆ ಎಂದು ಅವಳು ಅದನ್ನು ಎದೆಗೆ ಅವುಚಿಕೊಂಡಳು.

“ಯಾಕೆ ನಿಲ್ಲಿಸಿದೆ?” ಎಂದರು ಅಪ್ಪ. “ಇನ್ನೊಂದು ಬಾಕಿ ಇದೆ.”

ಅವಳು ಮನೆಯವರ ಮುಂದೆ ಆ ಫ್ರೆಂಚ್ ಮಾತುಗಳನ್ನು ವಿವರಿಸಿದ ದಿನ, ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದ ಅಪ್ಪನಿಗೆ ಎಲ್ಲ ಕೇಳಿಸಿತ್ತು, ಮೂರು ಸಲ ಹೇಳಬೇಕೆಂಬುದೂ. ಅವಳು ಮೂರನೆಯದನ್ನು ಹೇಳಿದಳು. ದನಿ ಒಡೆಯಿತು, ಆದರೆ ಮಾತು ಆಚೆಗೆ ಹೋಯಿತು. ಅಣ್ಣನ ಬೋಟಿನ ಹೆಸರು ಹೇಳಿದಳು. ಜಾಗ ಮಾತ್ರ ಅವಳಲ್ಲಿರಲಿಲ್ಲ. ಅಪ್ಪ ಬಗ್ಗಿ ಮೈಕಿನ ಹತ್ತಿರ ಬಾಯಿ ತಂದರು.

“ಮಗನೇ, ಜಾಗ ಹೇಳು.”

ಸೆಟ್ಟಿನಲ್ಲಿ ಬರೀ ಗಾಳಿ. ಆಮೇಲೆ ಅಣ್ಣ. ನಗು ಇರಲಿಲ್ಲ.

“ಕಪ್ಪು ಬಂಡೆಯಿಂದ ದಕ್ಷಿಣಕ್ಕೆ. ಲಂಗರು ನಿಲ್ತಿಲ್ಲ. ಸೊಂಟದವರೆಗೆ ಬಂತು ಅಪ್ಪಾ. ಬೇಗ.”

ಬಂದರಿನ ಬಾಯಿಯಲ್ಲಿದ್ದ ಬೋಟೊಂದು “ತಿರುಗಿಸಿದೆ” ಎಂದಿತು. ಬಲೆ ಇಳಿಸುತ್ತಿದ್ದ ಇನ್ನೊಂದು ಅದರ ಹಿಂದೆ ಹೊರಟಿತು. ಆಮೇಲೆ ಕಾಯುವುದೊಂದೇ. ಅವಳು ಅಣ್ಣನನ್ನು ಕರೆಯುತ್ತಲೇ ಇದ್ದಳು. ಎಷ್ಟೋ ಸಲ ಉತ್ತರ ಬಂತು. ಕೊನೆಗೆ ಬರಲಿಲ್ಲ.

ಕಿಟಕಿಯ ಗಾಜು ಅದುರುತ್ತಿತ್ತು.

“ಸಿಕ್ಕಿದ್ರು,” ಎಂದಿತು ಸೆಟ್ಟು. “ಎಲ್ಲರೂ ಇದ್ದಾರೆ. ಬೋಟು ಮುಳುಗಿಹೋಯ್ತು.”

ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ಬೇರೆಯವರ ಸೆಟ್ಟಿನಿಂದ, ಹಲ್ಲು ಕಟಕಟಿಸುವ ದನಿಯೊಂದು ಬಂತು. “ದೊರೆಸಾನಿ.”

“ಹೇಳಣ್ಣ.”

“ಏನಿಲ್ಲ. ಸುಮ್ನೆ ಕರೆದೆ.”

ಅವಳು ಮೈಕು ಕೆಳಗಿಟ್ಟಳು. ಕುರ್ಚಿ ಇನ್ನೂ ಸಣ್ಣಗೆ ನಡುಗುತ್ತಿತ್ತು. ಇಷ್ಟು ಹೊತ್ತೂ ಅದು ತನ್ನದೇ ನಡುಕ ಎಂದುಕೊಂಡಿದ್ದಳು. ತಿರುಗಿ ನೋಡಿದರೆ ಅಪ್ಪ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.