ನೋಡಲು ಬಂದವರ ಚಪ್ಪಲಿ

"ಬೀದಿನಾಯಿಯಿಂದ ಬಂತು."

ಬನಶಂಕರಿಯ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಮಾತು ಇದು. ಕೆಂಪಿ ಎಂಬ ಬೀದಿನಾಯಿ ಮೊದಲು ನಮ್ಮ ಚಿನ್ನಿಗೆ, ಆಮೇಲೆ ಎದುರು ಮನೆಯ ರಾಕಿಗೆ ರೋಗ ಹಚ್ಚಿತು ಎಂದು ಹಾಲಿನ ಬೂತಿನ ಹತ್ತಿರ ಈಗಲೂ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಶಾಲೆಯಲ್ಲಿ ಕಲಿತದ್ದು ಕಡಿಮೆ; ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಯಂತ್ರ ನಿಂತಾಗ ಯಾರು ಏನು ಹೇಳಿದರು ಎಂಬುದಕ್ಕಿಂತ ಯಾವ ಭಾಗ ಯಾವುದಕ್ಕೆ ತಾಗುತ್ತಿದೆ ಎಂದು ನೋಡಿದವನಿಗೆ ಬೇಗ ಉತ್ತರ ಸಿಗುತ್ತದೆ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಚಿನ್ನಿ ಇನ್ನೂ ಮರಿ. ಮೊದಲ ಲಸಿಕೆ ಆಗಿತ್ತು, ಎರಡನೆಯದು ಬಾಕಿ ಇತ್ತು. ಒಂದು ಬೆಳಿಗ್ಗೆ ಹಾಲು ಕಲಸಿದ ಅನ್ನವನ್ನು ಮೂಸಿ ಹಿಂದೆ ಸರಿಯಿತು. ತಟ್ಟೆಯನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋಗುವ ಮರಿ ಅದು. ಹೆಂಡತಿ ಗಿರಿಜಾ ಬಿಸಿಲಿನ ಕಾರಣ ಹೇಳಿದಳು. ಮಧ್ಯಾಹ್ನ ಹಳದಿ ನೊರೆ ಕಾರಿತು. ಸಂಜೆಯ ಹೊತ್ತಿಗೆ ಭೇದಿ.

ಭೇದಿಯಲ್ಲಿ ರಕ್ತವಿತ್ತು.

ಆ ವಾಸನೆಯನ್ನು ವರ್ಣಿಸಲಾರೆ. ಒಮ್ಮೆ ಮೂಗಿಗೆ ಹೋದರೆ ಊಟದ ತಟ್ಟೆಯ ಮುಂದೆಯೂ ಬಂದು ಕೂರುತ್ತದೆ. ಮರಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಕ್ಲಿನಿಕ್‌ಗೆ ಹೋದೆ. ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನಿಧಾನ. ಟೆಸ್ಟ್ ಕಿಟ್‌ನಲ್ಲಿ ಎರಡನೆಯ ಗೆರೆ ಮೂಡಿದ ಮೇಲೆ ಅದನ್ನು ನನ್ನ ಕಡೆ ತಿರುಗಿಸಿದರು.

"ಪಾರ್ವೋ ಪಾಸಿಟಿವ್ ಸಾರ್. ನಾಯಿಮರಿಗಳ ಕರುಳಿಗೆ ಬರೋ ವೈರಸ್. ಡ್ರಿಪ್ ಶುರು ಮಾಡೋಣ. ಇದಕ್ಕೆ ನೇರವಾದ ಔಷಧಿ ಇಲ್ಲ. ತಡ್ಕೊಂಡ್ರೆ ಉಳಿಯುತ್ತೆ."

ಎಲ್ಲಿಂದ ಬಂತು ಎಂದು ಕೇಳಿದೆ. ಯಾರೂ ಖಚಿತವಾಗಿ ಹೇಳಲಾರರು ಎಂದರು. ರೋಗದ ನಾಯಿ ಹೋದ ಮೇಲೂ ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆಯಂತೆ. ಬಟ್ಟೆ, ಕೈ, ಕಾಲು, ಚಪ್ಪಲಿ ಯಾವುದರಲ್ಲಾದರೂ ಮನೆ ಸೇರಬಹುದಂತೆ. ಸದ್ಯಕ್ಕೆ ಬೇರೆ ಮನೆಯ ಮರಿಗಳಿಗೆ ಹೋಗದಂತೆ ನೋಡಿಕೊಳ್ಳಿ ಎಂದರು. ನಾನು ಸ್ವಲ್ಪ ಬಿಗಿಯಾಗಿಯೇ ಉತ್ತರಿಸಿದೆ: ನಮ್ಮ ಮನೆಯಲ್ಲಿ ಚಪ್ಪಲಿ ಒಳಗೆ ತರುವ ಪದ್ಧತಿಯೇ ಇಲ್ಲ, ದಿನಾ ಫಿನಾಯಿಲ್ ಹಾಕಿ ನೆಲ ಒರೆಸುತ್ತೇವೆ.

"ಫಿನಾಯಿಲ್‌ಗೆ ಇದು ಸಾಯಲ್ಲ ಸಾರ್. ಬ್ಲೀಚಿಂಗ್ ಪೌಡರ್ ಹಾಕಿ."

ಆ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ಮನೆಗೆ ಬಂದು ಫಿನಾಯಿಲ್ ಬಾಟಲಿಯ ಮೇಲಿನ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಅದರಲ್ಲಿ ಸೊಗಸಾದ ಪರಿಮಳದ ಬಗ್ಗೆ ಬಹಳ ಬರೆದಿತ್ತು. ಈ ವೈರಸ್ಸಿನ ಬಗ್ಗೆ ಒಂದು ಪದವೂ ಇರಲಿಲ್ಲ. ಬ್ಲೀಚಿಂಗ್ ಪೌಡರ್ ತಂದು ಒಳಗಿನ ನೆಲವನ್ನೆಲ್ಲ ಒರೆಸಿದೆ. ಒಳಗನ್ನು ಮಾತ್ರ.

ಮನೆಯಲ್ಲಿ ಕಾಯಿಲೆ ಎಂದಾಗ ನೋಡಿಕೊಂಡು ಹೋಗುವುದು ನಮ್ಮಲ್ಲಿ ಧರ್ಮ. ಅದು ಮನುಷ್ಯರಿಗೆ ಮಾತ್ರ ಎಂದು ಯಾರೂ ಬರೆದಿಟ್ಟಿಲ್ಲ. ಎದುರು ಮನೆಯ ಶಿವಕುಮಾರ್, ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಮೊದಲ ದಿನವೇ ಎಳನೀರು ಹಿಡಿದುಕೊಂಡು ಬಂದ. ಮೂಲೆ ಮನೆಯ ನಿರ್ಮಲಾ ಟೀಚರ್ ಶಾಲೆಯಿಂದ ನೇರವಾಗಿ ಬಂದರು. ಅವರ ಮನೆಯಲ್ಲಿ ಗುಂಡ ಎಂಬ ಮರಿ ಇತ್ತು, ಚಿನ್ನಿಗಿಂತಲೂ ಚಿಕ್ಕದು. ತಮ್ಮ ಗಂಡ ತೀರಿಕೊಂಡ ಮೇಲೆ ಮಾತು ನಿಲ್ಲಿಸಿದ್ದ ಅವರ ಅತ್ತೆ ಆ ಮರಿಯೊಡನೆ ಮಾತ್ರ ದಿನವಿಡೀ ಮಾತಾಡುತ್ತಾರೆ ಎಂಬುದು ರಸ್ತೆಗೆಲ್ಲ ಗೊತ್ತಿತ್ತು. ಡಾಕ್ಟರ್ ಹೇಳಿದ್ದನ್ನು ನಾನು ಎಲ್ಲರಿಗೂ ಹೇಳಿದೆ. ಅವರೂ ಜವಾಬ್ದಾರಿಯಿಂದಲೇ ನಡೆದುಕೊಂಡರು. ಯಾರೂ ಚಿನ್ನಿಯನ್ನು ಮುಟ್ಟಲಿಲ್ಲ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಂದು, ಬಾಗಿಲಲ್ಲಿ ನಿಂತು ನೋಡಿ, ಕೈತೊಳೆದುಕೊಂಡು ಹೋದರು. ನನಗೆ ಸಮಾಧಾನವಾಗಿತ್ತು.

ದಿನವೂ ಕ್ಲಿನಿಕ್, ದಿನವೂ ಡ್ರಿಪ್. ಕಾಲಿನ ಕೂದಲು ಬೋಳಿಸಿದ ಜಾಗದಲ್ಲಿ ಚರ್ಮ ನೀಲಿಯಾಗಿತ್ತು. ನಾನು ಪೇಪರ್ ಓದುವುದನ್ನು ಬಿಟ್ಟೆ. ಗಿರಿಜಾ ಪೂಜೆಯ ಹೊತ್ತನ್ನು ಮುಂದೂಡಿ, ಚಿನ್ನಿಯ ಕೆಳಗೆ ಹಾಸಿದ ಬಟ್ಟೆಗಳನ್ನು ಅಂಗಳದ ನಲ್ಲಿಯಲ್ಲಿ ಒಗೆದಳು, ದಿನಕ್ಕೆ ಎಷ್ಟು ಸಲವೋ. ಒಂದು ಸಂಜೆ ಮರಿ ತಲೆಯೆತ್ತಿ ನೀರು ನೆಕ್ಕಿತು. ಮಾರನೆಯ ದಿನ ಬೆಳಿಗ್ಗೆ ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಚಿನ್ನಿ ಹೋಗಿತ್ತು.

ಅಂದೇ ಎದುರು ಮನೆಯ ತಾರಸಿಯಲ್ಲಿದ್ದ ರಾಕಿ ಮರಿಗೂ ವಾಂತಿ ಶುರುವಾಯಿತು. ರಾಕಿಯನ್ನು ಕ್ಲಿನಿಕ್‌ನಲ್ಲಿ ಬಿಟ್ಟು ಬಂದ ಶಿವಕುಮಾರ್, ಚಿನ್ನಿಯ ವಿಷಯ ತಿಳಿದು, ತನ್ನ ಸಂಕಟದ ನಡುವೆಯೂ ನಮ್ಮನ್ನು ಮಾತಾಡಿಸಲು ಬಂದ. ಅಂಗಳದ ಕುರ್ಚಿಯಲ್ಲಿ ಕೂತು, ಕೆಂಪಿಯನ್ನು ಊರಾಚೆ ಬಿಟ್ಟುಬರಲು ಗಾಡಿ ಮಾತಾಡಿದ್ದೇನೆ ಎಂದ.

"ನಿಮ್ಮ ಗೇಟ್ ಮೂಸ್ತಿದ್ದದ್ದನ್ನ ನಾನೇ ನೋಡಿದೀನಿ ಅಣ್ಣಾ. ಅದೇ ತಂದಿದ್ದು."

"ನಿಮ್ಮ ರಾಕಿ ತಾರಸಿ ಬಿಟ್ಟು ಕೆಳಗೆ ಇಳಿದಿದ್ದಾನಾ?"

"ಎಲ್ಲಿ? ಇಂಜೆಕ್ಷನ್ ಪೂರ್ತಿ ಆಗೋವರೆಗೂ ಇಳಿಸ್ಬೇಡಿ ಅಂದಿದ್ರು. ಇಳಿಸೇ ಇಲ್ಲ."

"ಹಾಗಾದ್ರೆ ಕೆಂಪಿ ಕಾಲಿಂಗ್ ಬೆಲ್ ಒತ್ತಿ ಮೇಲೆ ಹೋದ್ಲಾ?"

"ನೀವೊಬ್ರು ಕೆಂಪಿ ಕಡೆ ಲಾಯರ್ ಬಿಡಿ. ಮೇಲೆ ಹೋಗೋನು ನಾನೊಬ್ನೇ, ಬೆಳಿಗ್ಗೆ ಚಪ್ಪಲಿ ಮೆಟ್ಕೊಂಡು ಗಿಡಕ್ಕೆ ನೀರು ಹಾಕೋಕೆ. ಹಂಗಂದ್ರೆ ನಾನೇ ತಗೊಂಡೋದ್ನಾ?"

ಅವನು ಕಹಿಯಾಗಿ ನಕ್ಕ. ನನಗೆ ನಗು ಬರಲಿಲ್ಲ. ನಾನು ಅವನ ಪಾದಗಳನ್ನು ನೋಡುತ್ತಿದ್ದೆ. ಬರಿಗಾಲು. ಚಪ್ಪಲಿ ಗೇಟಿನ ಹತ್ತಿರ ಇತ್ತು. ಗಿರಿಜಾ ಚಿನ್ನಿಯ ಹಾಸಿಗೆ ಬಟ್ಟೆಯನ್ನು ಕೊನೆಯ ಸಲ ನಲ್ಲಿಯಲ್ಲಿ ಒಗೆಯುತ್ತಿದ್ದಳು. ನೀರು ಅಂಗಳದ ಇಳಿಜಾರಿನಲ್ಲಿ ಹರಿದು ಗೇಟಿನ ಕೆಳಗಿನಿಂದ ಚರಂಡಿಗೆ ಹೋಗುತ್ತಿತ್ತು. ಚಪ್ಪಲಿಗಳು ಆ ನೀರಿನಲ್ಲಿ ನಿಂತಿದ್ದವು.

ದಿನವೂ ಹಾಗೆಯೇ ನಿಂತಿದ್ದವು.

ಮನೆಯೊಳಗೆ ಕೊಳೆ ತರಬಾರದೆಂದು ಚಪ್ಪಲಿ ಹೊರಗೆ ಬಿಡುವುದನ್ನು ತಲೆತಲಾಂತರದಿಂದ ಕಲಿತವರು ನಾವು. ಕೊಳೆ ಹೊರಗಿನಿಂದ ಒಳಕ್ಕೆ ಬರುತ್ತದೆ ಎಂಬುದು ಆ ಪಾಠದ ಅರ್ಥ. ಒಳಗಿನ ಕೊಳೆಯನ್ನೇ ಹೊರಗೆ ಹರಿಸಿ, ಬಂದವರ ಚಪ್ಪಲಿಯನ್ನು ಅದರಲ್ಲಿ ನೆನೆಸಿ ಕಳಿಸಬಹುದೆಂದು ಆ ಪಾಠದಲ್ಲಿ ಯಾರೂ ಹೇಳಿರಲಿಲ್ಲ. ನಾವು ಶುದ್ಧಿಯೆಂದು ಮಾಡಿದ್ದೇ ದಾರಿಯಾಯಿತು.

ಅಷ್ಟರಲ್ಲಿ ನಿರ್ಮಲಾ ಟೀಚರ್ ಗೇಟು ತೆಗೆದು, ಚಪ್ಪಲಿ ಬಿಟ್ಟು ಒಳಗೆ ಬಂದರು. ಗಿರಿಜಾಳ ಕೈ ಹಿಡಿದುಕೊಂಡರು. ಹೊರಡುವಾಗ ನಾನು ಅಡ್ಡ ಹೋದೆ. ಆ ಚಪ್ಪಲಿ ಮೆಟ್ಟಬೇಡಿ, ಇಲ್ಲೇ ಇರಲಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನೀರಿನ ಹಾದಿಯನ್ನು ಬೆರಳಿಟ್ಟು ತೋರಿಸಿದೆ. ಶಿವಕುಮಾರ್ ಎದ್ದು ನಿಂತ. ಟೀಚರ್ ತಮ್ಮ ಚಪ್ಪಲಿಯನ್ನೇ ನೋಡಿದರು.

"ನಿನ್ನೆನೂ ಬಂದಿದ್ನಲ್ಲ ಅಂಕಲ್. ಇದೇ ಚಪ್ಪಲಿ. ಗುಂಡ ಮಲಗೋದೇ ನಮ್ಮ ಚಪ್ಪಲಿ ಮೇಲೆ."

ಅವರು ಬರಿಗಾಲಲ್ಲಿ ಹೊರಟರು. ಕಾಲನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆಸಿ ಕಳಿಸಿದೆ. ಸಾವಿನ ಮನೆಯವರನ್ನು ಮಾತಾಡಿಸಲು ಬಂದ ಹೆಣ್ಣುಮಗಳನ್ನು ಹಾಗೆ ಕಳಿಸಿದ್ದಕ್ಕೆ ಗಿರಿಜಾ ಒಳಗೆ ಹೋಗಿ ಅತ್ತಳು. ನಾನು ಗೇಟಿಗೆ ಹಗ್ಗ ಕಟ್ಟಿ, ಕಾಯಿಲೆ ಇದೆ, ದಯವಿಟ್ಟು ಯಾರೂ ನೋಡಲು ಬರಬೇಡಿ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ.

"ಮನೆಗೆ ಬಂದೋರನ್ನ ಬಾಗಿಲಲ್ಲೇ ನಿಲ್ಲಿಸ್ತೀರೇನ್ರೀ? ನಾಳೆ ನಮಗೊಂದು ಕಷ್ಟ ಬಂದ್ರೆ ಯಾರು ಬರ್ತಾರೆ?"

ಗಿರಿಜಾ ಹೀಗೆ ಕೇಳುತ್ತಿದ್ದರೂ ನಾನು ಹಗ್ಗ ಬಿಚ್ಚಲಿಲ್ಲ. ದೂರದಿಂದ ಬಂದ ಅವಳ ಚಿಕ್ಕಮ್ಮ ಹಗ್ಗದ ಆಚೆಯಿಂದಲೇ ತಿರುಗಿ ಹೋದರು. ಆಮೇಲೆ ಫೋನ್ ಮಾಡಲಿಲ್ಲ. ಅಂಗಳ, ಗೇಟು, ನಲ್ಲಿಕಟ್ಟೆ, ಹೊರಗಿನ ಕಲ್ಲುಹಾಸು, ಎಲ್ಲಕ್ಕೂ ಬ್ಲೀಚಿಂಗ್ ನೀರು ಸುರಿದೆವು. ಶಿವಕುಮಾರ್ ತನ್ನ ಮೆಟ್ಟಿಲು ಮತ್ತು ತಾರಸಿಗೆ ಸುರಿದ. ಗಾಡಿಯವನಿಗೆ ಬರಬೇಡ ಎಂದನೋ, ಮರೆತನೋ, ನಾನು ಕೇಳಲಿಲ್ಲ. ಕೆಂಪಿ ಇದ್ದಲ್ಲೇ ಇದ್ದಳು.

ಗುಂಡನ ವಿಷಯದಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಎರಡು ವಾರ ಕಾದು ನೋಡಿ, ಊಟ ಬಿಟ್ಟರೆ ತಕ್ಷಣ ಕರೆತನ್ನಿ ಎಂದು ಡಾಕ್ಟರ್ ಹೇಳಿದ್ದರು. ಚಿನ್ನಿಯ ಕಾಯಿಲೆಯಲ್ಲಿ ನನಗೆ ಕೈತುಂಬ ಕೆಲಸವಿತ್ತು. ಈ ಕಾಯುವಿಕೆಯಲ್ಲಿ ಕೈ ಖಾಲಿ. ಬೇರೆಯವರ ಮರಿ ಉಂಡಿತೋ ಇಲ್ಲವೋ ಎಂಬ ಚಿಂತೆಯಲ್ಲಿ ನನಗೆ ಊಟ ಸೇರದಾಯಿತು. ಬೆಳಿಗ್ಗೆ ಸಂಜೆ ಟೀಚರ್‌ಗೆ ಫೋನ್ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅವರು ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೂ ಎತ್ತಲಿಲ್ಲ. ಅಲ್ಲಿಗೆ ಹೋಗಿ ನೋಡುವಂತಿರಲಿಲ್ಲ; ನನ್ನ ಕಾಲಿಗೆ ರೋಗ ಅಂಟಿಲ್ಲವೆಂದು ನನಗೇ ನಂಬಿಕೆಯಿರಲಿಲ್ಲ. ತಾರಸಿ ಹತ್ತಿ ಆ ಮನೆಯ ಕಡೆ ಕತ್ತು ಚಾಚಿ ನಿಂತೆ. ಏನೂ ಕಾಣಲಿಲ್ಲ. ಮಧ್ಯಾಹ್ನ ಫೋನು ಬಂತು. ಹಿಂದೆಂದೂ ಕೇಳದ ದನಿ. ಅವರ ಅತ್ತೆ.

"ಅವಳು ಫೋನ್ ಮನೇಲೇ ಬಿಟ್ಟು ಸ್ಕೂಲಿಗೆ ಹೋಗಿದಾಳಪ್ಪ. ಮರಿ ತಿಂದಿದೆ. ನೀವು ತಿಂದ್ರಾ?"

ರಾಕಿ ಉಳಿದ. ಡ್ರಿಪ್ ತಡವಾಗದೆ ಸಿಕ್ಕಿತು, ಅಷ್ಟೇ ಕಾರಣವೋ ಇನ್ನೇನೋ, ಡಾಕ್ಟರ್ ಕೂಡ ಹೇಳಲಿಲ್ಲ. ಚಿನ್ನಿಗೆ ರೋಗ ಎಲ್ಲಿಂದ ಬಂತು ಎಂಬುದು ನನಗೂ ಗೊತ್ತಿಲ್ಲ. ನನ್ನ ಚಪ್ಪಲಿಯಲ್ಲೇ ಬಂದಿರಬಹುದು, ಕೆಂಪಿಯಿಂದಲೇ ಬಂದಿರಲೂಬಹುದು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯಬೇಕು. ಆದರೆ ನಮ್ಮ ಮನೆಯಿಂದ ಆಚೆಗೆ ಹೋದದ್ದು ಮನುಷ್ಯರ ಕಾಲಿನಲ್ಲಿ ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಕೆಂಪಿಯನ್ನು ಗಾಡಿ ಹತ್ತಿಸಿ ಎಲ್ಲರೂ ನಿಶ್ಚಿಂತರಾಗಿದ್ದರೆ, ನೋಡಿಕೊಂಡು ಹೋಗುವವರು ಬರುತ್ತಲೇ ಇರುತ್ತಿದ್ದರು.

ಹಗ್ಗ ಬಿಚ್ಚಿದ ದಿನ ಗಿರಿಜಾ ತಾನೇ ಮೂಲೆ ಮನೆಗೆ ಹೋಗಿ, ಗೇಟಿನ ಆಚೆಯೇ ನಿಂತು ಟೀಚರ್ ಅತ್ತೆಯೊಡನೆ ಬಹಳ ಹೊತ್ತು ಮಾತಾಡಿ ಬಂದಳು. ಇನ್ನೊಂದು ಮರಿ ತರುವ ಮಾತನ್ನು ನಾವಿಬ್ಬರೂ ಎತ್ತಿಲ್ಲ. ಈ ನೆಲಕ್ಕೆ ಸದ್ಯ ಬೇಡವೆಂದು ಡಾಕ್ಟರ್ ಹೇಳಿದ್ದಾರೆ.

ನನ್ನ ಮಾತನ್ನು ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಗುಂಡನ ಲಸಿಕೆಗಳೆಲ್ಲ ಮುಗಿದಿವೆ. ಸಂಜೆಯ ಹೊತ್ತು ಮೂಲೆ ಮನೆಯ ಮುಂದೆ ನಿಂತರೆ, ಹೂವಿನ ಕುಂಡದ ಹಿಂದಿನಿಂದ ಬೊಗಳುತ್ತಾ ಓಡಿ ಬರುತ್ತಾನೆ. ಅವನ ಹಿಂದೆಯೇ, ಅವನನ್ನು ಬೈಯುತ್ತಾ, ಒಬ್ಬ ಮುದುಕಿ.