ದುಂಡಪ್ಪ ಮಾಡಿಸಿದ ರಾಜಿ

ಜರ್ಮನಿಯ ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಜಮಖಂಡಿಯ ದುಂಡಪ್ಪನಿಗೆ ಸಿಗರೇಟಿನ ಚಟವಿರಲಿಲ್ಲ, ಇಸ್ಪೀಟು ಗೊತ್ತಿರಲಿಲ್ಲ. ಇದ್ದ ಒಂದೇ ಚಟವೆಂದರೆ ರಾಜಿ ಮಾಡಿಸುವುದು. ಅವನ ಅಜ್ಜ ಊರಲ್ಲಿ ಪಂಚರಾಗಿದ್ದವರು, ಆ ರಕ್ತ ಮೊಮ್ಮಗನ ಮೈಯಲ್ಲಿ ತೆಪ್ಪಗಿರುತ್ತಿರಲಿಲ್ಲ. ಟ್ರಾಮಿನಲ್ಲಿ ಯಾರೋ ಇಬ್ಬರು ದನಿ ಏರಿಸಿದರೆ ಸಾಕು, ಇಳಿಯಬೇಕಾದ ಸ್ಟಾಪು ಬಿಟ್ಟು ಅವರ ನಡುವೆ ಹೋಗಿ ನಿಲ್ಲುತ್ತಿದ್ದ. ಮಹಡಿಯ ಮೇಲಿನ ಗಂಡಹೆಂಡಿರ ಜಗಳ ಬಿಡಿಸಲು ಹೋಗಿ ಇಬ್ಬರಿಂದಲೂ ಉಗಿಸಿಕೊಂಡು ಬಂದಾಗ, "ನೋಡಿದ್ಯಾ, ನನ್ನ ಬೈಯೂದ್ರಾಗ ಇಬ್ರೂ ಒಂದಾದ್ರು" ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದ ಗಂಡಸು ಅವನು.

ಹೆಂಡತಿ ಬಸಲಿಂಗವ್ವನಿಗೆ ಇದ್ದದ್ದು ಒಂದು ತುಂಡು ತೋಟ. ಊರಾಚೆ, ಫ್ಲ್ಯಾಟಿನಲ್ಲಿ ಇರುವವರು ಬಾಡಿಗೆಗೆ ಹಿಡಿದು ಹೂವು ತರಕಾರಿ ಬೆಳೆದುಕೊಳ್ಳುವ ಎರಡು ತೋಟದ ಕಾಲೊನಿಗಳಿದ್ದವು. ಎರಡರ ಬೇಲಿಗಳ ನಡುವೆ ಯಾರಿಗೂ ಸೇರದೆ ಉಳಿದಿದ್ದ ಉದ್ದನೆಯ ಪಟ್ಟಿಯನ್ನು ನಗರಪಾಲಿಕೆ ಅವಳಿಗೆ ಬಾಡಿಗೆಗೆ ಕೊಟ್ಟಿತ್ತು. ಅಲ್ಲಿ ಅವಳು ಮೆಂತ್ಯ, ಸಬ್ಬಸಗಿ, ಹಕ್ಕರಕಿ, ಊರಿಂದ ತಂದ ಬೀಜದ ಪುಂಡಿಪಲ್ಯ, ಇಂಥ ಸೊಪ್ಪುಗಳನ್ನು ಬೆಳೆಯುತ್ತಿದ್ದಳು. ಜರ್ಮನ್ ಬಾರದೆ ಅಂಗಡಿಯಲ್ಲೂ ಆಸ್ಪತ್ರೆಯಲ್ಲೂ ಗಂಡನ ಮುಖ ನೋಡುತ್ತ ನಿಲ್ಲುವವಳು ಆ ಮಣ್ಣಿಗೆ ಕಾಲಿಟ್ಟರೆ ಹಾಡಿಕೊಳ್ಳುತ್ತಿದ್ದಳು. ಈ ದೇಶದಲ್ಲಿ ತನ್ನದು ಎನ್ನಲು ಅವಳಿಗಿದ್ದದ್ದು ಅಷ್ಟೇ.

ಪೂರ್ವದ ಕಾಲೊನಿಗೆ ಶ್ರೀಮಾನ್ ನಾಗೆಲ್ ಅಧ್ಯಕ್ಷ, ಪಶ್ಚಿಮದ್ದಕ್ಕೆ ಶ್ರೀಮತಿ ಕ್ಲೋಟ್ಸ್ ಅಧ್ಯಕ್ಷೆ. ಅಧ್ಯಕ್ಷರು ಎನ್ನುವುದು ಬಾಯಿಮಾತಿನ ಮರ್ಯಾದೆ, ಇಬ್ಬರೂ ಹತ್ತಾಣೆ ಸರ್ವಾಧಿಕಾರಿಗಳು, ಉಳಿದ ಆರಾಣೆ ಪೊಲೀಸರು. ಚುನಾವಣೆ ತಪ್ಪದೆ ನಡೆಯುತ್ತಿತ್ತು. ಎದುರು ನಿಂತವರ ಸೇಬಿನ ಮರ ಮಾತ್ರ ಆ ವರ್ಷವೇ ನಿಯಮಕ್ಕಿಂತ ಎತ್ತರವಾಗಿಬಿಡುತ್ತಿತ್ತು. ನಾಗೆಲ್ ಟೇಪು ಹಿಡಿದು ಜನರ ಬೇಲಿ ಅಳೆಯುತ್ತಿದ್ದ. ಕ್ಲೋಟ್ಸ್ ಮಧ್ಯಾಹ್ನ ಸದ್ದು ಮಾಡಬಾರದ ಹೊತ್ತಿನಲ್ಲಿ ಯಾರು ಕೆಮ್ಮಿದರೆಂದು ದುರ್ಬೀನಿನಲ್ಲಿ ಹುಡುಕುತ್ತಿದ್ದಳು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗದು. ಅವನು ತನ್ನ ಬಸವನಹುಳುಗಳನ್ನು ಹೆಕ್ಕಿ ಪಶ್ಚಿಮಕ್ಕೆ ಎಸೆಯುವನು, ಅವಳು ತನ್ನವನ್ನು ಪೂರ್ವಕ್ಕೆ. ಎಲ್ಲವೂ ಬಂದು ಬೀಳುತ್ತಿದ್ದುದು ನಡುವಿನ ಬಸಲಿಂಗವ್ವನ ಪಟ್ಟಿಯಲ್ಲಿ.

"ಬೀಳಲಿ ಬಿಡ್ರಿ" ಎನ್ನುತ್ತಿದ್ದಳು ಅವಳು. "ಬಕೀಟಿನಾಗ ಹೆಕ್ಕಿ ಒಯ್ದು ಅಡವ್ಯಾಗ ಬಿಟ್ರ ಆತು. ನನ್ನ ಪುಂಡಿ ತಿನ್ನಲಿಲ್ಲಂದ್ರ ಸಾಕು."

ಹಾಗೇ ಬಿಡಬಹುದಿತ್ತು. ಬಿಡುವುದು ದುಂಡಪ್ಪನ ಜಾಯಮಾನವಲ್ಲ. ಇಬ್ಬರನ್ನೂ ಚಹಾಕ್ಕೆ ಕರೆದು ಒಂದು ಮಾಡುತ್ತೇನೆಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೈಸೂರಿನ ಹುಡುಗ ಚಂದನ್‌ಗೆ ಹೇಳಿದ.

"ಸಾರ್, ನಡುವೆ ಇರೋ ಜಾಗ ಯಾರದು?" ಎಂದ ಚಂದನ್.

"ನಮ್ದ."

"ಹಾಗಾದ್ರೆ ಹುಷಾರು ಸಾರ್. ಮೂವತ್ತೊಂಬತ್ತರಲ್ಲಿ ಹಿಟ್ಲರೂ ಸ್ಟಾಲಿನ್ನೂ ಅಗ್ರಿಮೆಂಟ್ ಮಾಡ್ಕೊಂಡಾಗ ನಡುವೆ ಪೋಲೆಂಡ್ ಇತ್ತು."

"ಪೋಲೆಂಡ್ ಈಗೂ ಐತಲ್ಲೋ ತಮ್ಮಾ. ಹ್ವಾದ ತಿಂಗಳ ನಾನ ಹೋಗಿ ಅಗ್ಗದ ಪೆಟ್ರೋಲ್ ಹಾಕಿಸ್ಕೊಂಡು ಬಂದೇನಿ."

ಆ ಭಾನುವಾರ ಪಟ್ಟಿಯ ಮೂಲೆಯ ಮರದ ಗುಡಿಸಿಲಿನಲ್ಲಿ ಶೃಂಗಸಭೆ ಸೇರಿತು. ಬಸಲಿಂಗವ್ವ ಮಂಡಕ್ಕಿ ಸೂಸ್ಲ ಮಾಡಿದ್ದಳು. ಅಧ್ಯಕ್ಷರಿಬ್ಬರೂ ತಮ್ಮ ತಮ್ಮ ಕುರ್ಚಿ ತಂದಿದ್ದರು. ನಾಗೆಲ್ ಟೇಪು ತೆಗೆದು ಎರಡರ ಎತ್ತರ ಒಂದೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೂತ. ಮೊದಲ ಲೋಟ ಚಹಾ ಮುಗಿಯುವ ತನಕ ಬರೀ ಗುರುಗುಟ್ಟುವಿಕೆ. ಆಮೇಲೆ ಕ್ಲೋಟ್ಸ್ ತನ್ನ ಕಾಲೊನಿಯಲ್ಲಿ ಮಕ್ಕಳು ಕುಣಿಯುವುದನ್ನು ನಿಷೇಧಿಸಿದ ಬಗೆ ಹೇಳಿದಳು. ನಾಗೆಲ್‌ನ ಕಣ್ಣು ಅರಳಿತು. ತಾನು ಜೋರಾಗಿ ನಗುವುದನ್ನೂ ನಿಷೇಧಿಸಿರುವುದಾಗಿ ಹೇಳಿದ. ಆಹಾ, ಎಷ್ಟು ವರ್ಷ ವೃಥಾ ಹಾಳಾಯಿತು! ಇಷ್ಟು ಚೆನ್ನಾಗಿ ತನ್ನನ್ನು ಅರ್ಥ ಮಾಡಿಕೊಳ್ಳುವ ಜೀವ ಬೇಲಿಯಾಚೆಯೇ ಇತ್ತಲ್ಲ ಎಂದು ಇಬ್ಬರೂ ಕರಗಿಹೋದರು. ಇನ್ನುಮೇಲೆ ಒಬ್ಬರ ಮೇಲೊಬ್ಬರು ಹುಳು ಎಸೆಯಬಾರದು, ಒಂದು ಕಾಲೊನಿಯಿಂದ ತಪ್ಪಿಸಿಕೊಂಡು ಇನ್ನೊಂದಕ್ಕೆ ಓಡಿಬಂದವರನ್ನು ಹಿಡಿದು ವಾಪಸು ಒಪ್ಪಿಸಬೇಕು ಎಂದು ತೀರ್ಮಾನವಾಯಿತು. ದುಂಡಪ್ಪನಿಗೆ ಅಜ್ಜನ ನೆನಪಾಗಿ ಕಣ್ಣು ತುಂಬಿ ಬಂತು.

ಆಗ ನಾಗೆಲ್, ಒಂದು ಸಣ್ಣ ವಿಷಯ ಬಾಕಿ ಇದೆ, ತಾವು ಸ್ವಲ್ಪ ಹೊರಗಿರುತ್ತೀರಾ ಎಂದು ಬಹಳ ವಿನಯದಿಂದ ಕೇಳಿದ. ದುಂಡಪ್ಪ ಅಷ್ಟೇ ವಿನಯದಿಂದ ಎದ್ದು ಬಂದ.

"ನಮ್ಮ ಗುಡಿಸಲದಾಗಿಂದ ನೀವ್ಯಾಕ ಹೊರಗ ಬಂದ್ರಿ?" ಎಂದಳು ಪುಂಡಿಗೆ ನೀರು ಹಾಕುತ್ತಿದ್ದ ಬಸಲಿಂಗವ್ವ.

"ದೊಡ್ಡವರ ಮಾತುಕತಿಯೊಳಗ ಗುಟ್ಟು ಇರತಾವ. ನಿನಗ ತಿಳಿಯೂದಿಲ್ಲ."

ಅವಳಿಗೆ ತಿಳಿಯಲು ಮೂರು ವಾರ ಹಿಡಿಯಿತು. ನಗರಪಾಲಿಕೆಯ ಅಧಿಕಾರಿಣಿಯೊಬ್ಬಳು ಹೂಗುಚ್ಛ ಹಿಡಿದು ಮನೆಗೇ ಬಂದಳು. ಆ ಎರಡು ಕಾಲೊನಿಗಳು ಮೊಟ್ಟಮೊದಲ ಬಾರಿಗೆ ಒಂದು ಮಾತಿಗೆ ಒಪ್ಪಿವೆ, ಜಂಟಿಯಾಗಿ ಅರ್ಜಿ ಕೊಟ್ಟಿವೆ, ನಾವು ಖುಷಿಯಿಂದ ಕೂಡಲೇ ಮಂಜೂರು ಮಾಡಿದೆವು, ಎಲ್ಲ ನಿಮ್ಮ ಪುಣ್ಯ ಎಂದು ದುಂಡಪ್ಪನ ಕೈ ಕುಲುಕಿದಳು. ಏನು ಅರ್ಜಿ ಎಂದು ಅವನು ಕೇಳಿದ. ನಡುವಿನ ಪಟ್ಟಿಯನ್ನು ಸಮಸಮ ಹಂಚಿಕೊಳ್ಳುವ ಅರ್ಜಿ ಎಂದಳು. ನಿಮಗೂ ಗೊತ್ತಿರಬೇಕಲ್ಲ, ನಿಮ್ಮ ಗುಡಿಸಿಲಿನಲ್ಲೇ ಒಪ್ಪಂದವಾಯಿತಂತೆ? ದುಂಡಪ್ಪ ಹೆಂಡತಿಗೆ ಕನ್ನಡದಲ್ಲಿ ಇದನ್ನು ಹೇಳಬೇಕಾಯಿತು. ಅವನ ಜೀವನದಲ್ಲಿ ಅಷ್ಟು ಕಷ್ಟದ ಅನುವಾದ ಇನ್ನೊಂದಿರಲಿಲ್ಲ.

ಹಗ್ಗ ಎಳೆದದ್ದು ಸರಿಯಾಗಿ ಪುಂಡಿಯ ಮಡಿಯ ನಡುವೆ. ಪಶ್ಚಿಮದ ಅರ್ಧವನ್ನು ಪರದೇಶದ ಕಳೆ ಎಂದು ಕ್ಲೋಟ್ಸ್ ಕೀಳಿಸಿದಳು. ಪೂರ್ವದ ಅರ್ಧ ಕಿತ್ತು ನಾಗೆಲ್ ಅಲ್ಲಿ ಗಡ್ಡದ ಕುಳ್ಳರ ಗೊಂಬೆ ನಿಲ್ಲಿಸಿದ. ಬಸಲಿಂಗವ್ವ ರಸ್ತೆಯಲ್ಲಿ ನಿಂತು ನೋಡಿದಳು, ಅಳಲಿಲ್ಲ. ಗಂಡನ ಜೊತೆ ಮಾತು ಬಿಟ್ಟಳು.

ಈಗ ಎರಡು ಸಾಮ್ರಾಜ್ಯಗಳ ನಡುವೆ ಒಂದು ಹಗ್ಗ ಮಾತ್ರ. ಹುಳು ಎಸೆದರೆ ನೇರ ಗುಲಾಬಿಯ ಮೇಲೆ. ಕಸ ಸುಟ್ಟರೆ ಹೊಗೆ ನೇರ ಮೂಗಿಗೆ. ಹಗ್ಗ ರಾತ್ರಿ ಒಂದು ಗೇಣು ಸರಿದಿದೆ ಎಂದು ನಾಗೆಲ್, ಗೊಂಬೆಗಳು ತನ್ನತ್ತ ಹಲ್ಲು ಕಿರಿಯುತ್ತಿವೆ ಎಂದು ಕ್ಲೋಟ್ಸ್. ಬೇಸಗೆ ಮುಗಿಯುವುದರೊಳಗೆ ಯುದ್ಧ ಹತ್ತಿಕೊಂಡಿತು. ನೀರಿನ ಪೈಪು ಕಡಿದರು, ಗೊಂಬೆಗಳ ತಲೆ ಹಾರಿದವು, ಶತ್ರುವನ್ನು ನೋಡಲು ಅಡ್ಡ ಬರುತ್ತದೆಂದು ತಮ್ಮದೇ ಸದಸ್ಯೆಯಾದ ಮುದುಕಿಯೊಬ್ಬಳ ಚೆರ್ರಿ ಮರ ಕೆಡವಿದರು. ಹೊಡೆದಾಟದಲ್ಲಿ ಕೈಕಾಲು ಮುರಿದುಕೊಂಡವರೆಲ್ಲ ಸಾಮಾನ್ಯ ಸದಸ್ಯರು. ಅಧ್ಯಕ್ಷರಿಬ್ಬರಿಗೂ ತರಚು ಗಾಯವೂ ಆಗಲಿಲ್ಲ, ಇಬ್ಬರೂ ಸರ್ವಾನುಮತದಿಂದ ಮರುಆಯ್ಕೆಯಾದರು.

ಅಕ್ಟೋಬರಿನಲ್ಲಿ ಅದೇ ಅಧಿಕಾರಿಣಿಯ ಫೋನು ಬಂತು. ಇಬ್ಬರನ್ನೂ ಮತ್ತೆ ಮಾತುಕತೆಗೆ ಕೂರಿಸಬೇಕು, ನಿಮ್ಮನ್ನು ಬಿಟ್ಟರೆ ಆಗುವುದಿಲ್ಲ, ದಯವಿಟ್ಟು ಬನ್ನಿ ಎಂದಳು. ಬಗ್ಗಿದ್ದ ದುಂಡಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಬರುತ್ತೇನೆ ಎಂದುಬಿಟ್ಟ. ಇಸ್ತ್ರಿಯ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತ.

ಬಸಲಿಂಗವ್ವ ಬಾಲ್ಕನಿಯಲ್ಲಿ ಮೆಂತ್ಯದ ಕುಂಡಕ್ಕೆ ನೀರು ಹಾಕುತ್ತಿದ್ದಳು. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಳು.

"ಈ ಸಲ ಏನು ಕೊಟ್ಟು ಬರ್ತೀರಿ? ಇದೊಂದು ಬಾಲ್ಕನಿ ಉಳದೈತಿ."

ದನಿಯಲ್ಲಿ ಸಿಟ್ಟಿರಲಿಲ್ಲ, ಕುಟುಕೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಕುಂಡವನ್ನು ಎತ್ತಿ ಎದೆಗವಚಿಕೊಂಡು ಒಳಗೆ ತಂದಳು, ಅಡುಗೆಮನೆಯ ಮೂಲೆಯಲ್ಲಿ ಇಟ್ಟು ಅದರ ಮುಂದೆ ಕೂತುಬಿಟ್ಟಳು. ದುಂಡಪ್ಪನಿಗೆ ಹುಟ್ಟಿದ ಮೇಲೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅಂಗಿಯ ಗುಂಡಿ ಬಿಚ್ಚಿ, ಜಗಳವಾಡುವ ಇಬ್ಬರನ್ನು ಮೊದಲ ಬಾರಿಗೆ ಅವರ ಪಾಡಿಗೆ ಬಿಟ್ಟು, ಅವಳ ಪಕ್ಕ ನೆಲದ ಮೇಲೆ ಕೂತ.