ಸಿಂಹದ ಪಕ್ಕದ ಕಪ್ಪು

ಗಲ್ಫಿನ ಸಾಲ್ಮಿಯಾದ ಒಂದು ಬ್ರಿಟಿಷ್ ಪಠ್ಯಕ್ರಮದ ಶಾಲೆಯಲ್ಲಿ ನಾನು ಲೈಬ್ರರಿ ಸಹಾಯಕಿ. ಹೆಸರಿಗೆ ಸಹಾಯಕಿ, ಶಾಲೆ ತೆರೆಯುವ ಮೊದಲಿನ ವಾರಗಳಲ್ಲಿ ನನ್ನ ಕೆಲಸ ಪುಸ್ತಕಗಳಿಗೆ ಮಸಿ ಬಳಿಯುವುದು. ಇಂಗ್ಲೆಂಡಿನಿಂದ ಪೆಟ್ಟಿಗೆಗಳು ಬರುತ್ತವೆ, ಆಫೀಸಿನಿಂದ ಒಂದು ಪಟ್ಟಿ ಬರುತ್ತದೆ: ಈ ಪುಟ, ಈ ಚಿತ್ರ, ಈ ಸಾಲು. ದಪ್ಪ ಮಾರ್ಕರಿನಿಂದ ಮುಚ್ಚಬೇಕು. ಯಾಕೆಂದು ಕೇಳುವ ಪದ್ಧತಿ ಇಲ್ಲ.

ನನ್ನ ಮಗಳು ಅದೇ ಶಾಲೆಯಲ್ಲಿ ಹತ್ತನೆಯ ತರಗತಿ. ಸಿಬ್ಬಂದಿಯ ಮಕ್ಕಳಿಗೆ ಸೀಟು ಸಿಗುತ್ತದೆ ಎಂಬ ಒಂದೇ ಆಸೆಗೆ ನಾನು ಕೆಲಸಕ್ಕೆ ಸೇರಿದವಳು. ಇಲ್ಲದಿದ್ದರೆ ಅಂಥ ಗೇಟಿನೊಳಗೆ ನಮಗೇನು ಕೆಲಸ?

ಈ ಶಾಲಾ ವರ್ಷಕ್ಕೆಂದು ಬಂದ ಅವಳ ಇತಿಹಾಸದ ಪುಸ್ತಕದಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಒಂದು ವ್ಯಂಗ್ಯಚಿತ್ರ ಇತ್ತು. ಕೋಟು ತೊಟ್ಟ ಬ್ರಿಟಿಷ್ ಸಿಂಹ ಹಲ್ಲು ಕಿರಿಯುತ್ತ ಒಬ್ಬ ಹೆಂಗಸಿಗೆ ಕೊಡೆ ಹಿಡಿದಿದೆ. ಹೆಂಗಸು ಎಂದರೆ ಸಿಂಹ ಆಳುವ ಯಾವುದೋ ಪರದೇಶ. ಅವಳ ಕಾಲಿಗೆ ಸರಪಳಿ. ಸರಪಳಿಯ ಇನ್ನೊಂದು ತುದಿ ಸಿಂಹದ ಬಾಲಕ್ಕೆ. ತನ್ನದೇ ಸರ್ಕಾರವನ್ನು ಹೀಗೆ ಹಂಗಿಸಿದ ಆ ಚಿತ್ರಕಾರನ ಎದೆಗಾರಿಕೆ ಕಂಡು ಒಬ್ಬಳೇ ಕೂತು ನಕ್ಕೆ. ಆದರೆ ಹೆಂಗಸಿನ ಭುಜ ಬರಿದಾಗಿತ್ತು. ರವಿಕೆಯ ತೋಳು ಬರೆದರೆ ಸಾಲದೇ ಎಂದು ಆಫೀಸಿನಲ್ಲಿ ಕೇಳಿದೆ. ಖಲಾಸ್, ಪಟ್ಟಿಯಲ್ಲಿದ್ದಂತೆ ಪೂರ್ತಿ ಮುಚ್ಚು ಎಂದರು. ಮುಚ್ಚಿದೆ. ಸರಪಳಿಯೂ ಅವಳದೇ ಅಲ್ಲವೇ ಎಂದು ಅದನ್ನೂ ಬಳಿದೆ. ಕೊನೆಗೆ ಉಳಿದದ್ದು ಕೊಡೆ ಹಿಡಿದ ಒಬ್ಬ ಸಜ್ಜನ ಸಿಂಹ.

ಪರೀಕ್ಷೆಗೆ ವಾರವಿರುವಾಗ ಫಿಂಟಾಸಿನ ನಮ್ಮ ಮನೆಯಲ್ಲಿ ಮಗಳು ಆ ಪುಟ ತೆರೆದು, ಈ ಕಪ್ಪಿನ ಕೆಳಗೆ ಏನಿದೆ ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು. ಟೀಚರು ಆ ಪುಟ ಬಿಟ್ಟು ಮುಂದೆ ಹೋಗಿದ್ದರಂತೆ. ಪಟ್ಟಿಯ ವಿಷಯ ಹೊರಗೆ ಆಡುವುದಿಲ್ಲ ಎಂದು ನಾನು ಸಹಿ ಹಾಕಿದ್ದೆ. ಹಿಂದಿನ ವರ್ಷ ಬಾಯಿಬಿಟ್ಟ ಒಬ್ಬಳು ಕೆಲಸ ಕಳೆದುಕೊಂಡು ಊರಿಗೆ ಹೋಗಿ ಕೂತಿದ್ದಾಳೆ.

"ಎಂತ ಇಲ್ಲ ಮಾರಾಯ್ತಿ," ಎಂದೆ. "ಬೇಡದ್ದು ಎಂತದೋ. ಪರೀಕ್ಷೆಗೆ ಬರುದಿಲ್ಲ."

ಅವಳು ಅಂಚಿನಲ್ಲಿ ಪೆನ್ಸಿಲಿನಿಂದ 'ರಕ್ಷಕ ಸಿಂಹ' ಎಂಬರ್ಥದ ಮಾತು ಬರೆದುಕೊಂಡಳು. ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದ ನಾನು ಅದನ್ನು ಓದಿ, ಮತ್ತೆ ಹೆಚ್ಚತೊಡಗಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಪ್ರಶ್ನೆಪತ್ರಿಕೆ ಇಂಗ್ಲೆಂಡಿನಿಂದ ಮೊಹರು ಹಾಕಿದ ಲಕೋಟೆಯಲ್ಲಿ ಬರುತ್ತದೆ, ಪರೀಕ್ಷಾ ಕೋಣೆಯಲ್ಲೇ ಒಡೆಯುತ್ತಾರೆ. ಅದಕ್ಕೆ ನನ್ನ ಮಾರ್ಕರ್ ತಾಗುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು. ಅದೇ ಚಿತ್ರ ಬಂದಿತ್ತು, ಇಡಿಯಾಗಿ.

ಮಗಳು ನೇರ ಲೈಬ್ರರಿಗೆ ಬಂದಳು. ಸಿಂಹದ ಗುರುತು ಸಿಕ್ಕಿದ ಖುಷಿಯಲ್ಲಿ, ಬಾಯಿಪಾಠ ಮಾಡಿದ್ದನ್ನೆಲ್ಲ ಪುಟ ತುಂಬ ಬರೆದಿದ್ದಳಂತೆ. ಸರಪಳಿ ಕಣ್ಣಿಗೆ ಬಿದ್ದದ್ದು ಕೊನೆಗೆ. ಬರೆದದ್ದನ್ನು ಹೊಡೆದುಹಾಕುವಷ್ಟು ಮಾತ್ರ ಸಮಯ ಉಳಿದಿತ್ತು.

"ಮಮ್ಮಿ, ಯೂ ಸಾ ಹರ್," ಎಂದಳು. "ಯೂ ನ್ಯೂ."

ಸುಳ್ಳು ಹೇಳಲು ಇನ್ನು ಏನೂ ಉಳಿದಿರಲಿಲ್ಲ. "ನಿನಗೆ ಇಲ್ಲಿ ಓದ್ಲಿಕ್ಕೆ ಆಗ್ಬೇಕಲ್ಲ ಮಗಾ," ಎಂದೆ. "ಅದಕ್ಕೇ ಹೇಳ್ಲಿಲ್ಲ."

ಓದಲಿಕ್ಕೆಂದು ಓದುವುದನ್ನೇ ಮುಚ್ಚಿದೆನೆಂಬ ಆ ಮಾತು ಹೊರಬಿದ್ದ ಮೇಲೆ ನನಗೇ ಅರ್ಥವಾಗಲಿಲ್ಲ. ಅವಳು ಬ್ಯಾಗು ಎತ್ತಿಕೊಂಡು ಬಸ್ಸಿನ ಕಡೆ ಹೋದಳು.